ಲಕ್ಷ ಕೋಟಿಗೊಂದು ಪರಮಾಣು

ಪರಮಾಣುಗಳನ್ನು ಒಂದೊಂದಾಗಿ ಎಣಿಸುವ ಯಂತ್ರದ ಬಗ್ಗೆ ಸಭೆಯೊಂದರಲ್ಲಿ ಮಾತು ಶುರುಮಾಡುವ ಮೊದಲು ಮುಂದಿನ ಸಾಲಿನವರ ಕೈಗೆ ಒಂದು ಪುಟ್ಟ ವಸ್ತು ಕೊಟ್ಟು, ನೋಡಿ ಹಿಂದಕ್ಕೆ ದಾಟಿಸಿ ಎಂದಿದ್ದೆ. ಓದುವವರಿಗೆ ಅದನ್ನು ಕೊಡಲಾಗದು, ಹೇಗಿತ್ತು ಎಂದು ಹೇಳುತ್ತೇನೆ. ಕಿರುಬೆರಳಿನ ತುದಿಯಷ್ಟಿರುವ ಅಲ್ಯೂಮಿನಿಯಂ ತುಂಡು. ಒಂದು ಮುಖದ ನಟ್ಟನಡುವೆ ಒಂದು ಮಿಲಿಮೀಟರ್ ಅಗಲದ ತೂತು. ತೂತಿನೊಳಗೆ ಒತ್ತಿ ತುಂಬಿದ ಕಪ್ಪು ಪುಡಿ, ಪೆನ್ಸಿಲ್ ಚೂಪು ಮಾಡಿದಾಗ ಬೆರಳಿಗೆ ಅಂಟುತ್ತದಲ್ಲ, ಅಂಥದ್ದು. ಅದೂ ಗ್ರಾಫೈಟೇ. ತೂಕ ಒಂದು ಮಿಲಿಗ್ರಾಂ. ಸೀನಿದರೆ ಹಾರಿಹೋಗುವಷ್ಟು.

ಈ ಒಂದು ಮಿಲಿಗ್ರಾಂ ಇಂಗಾಲ ಇತ್ತೀಚೆಗೆ ಬೆಳೆದ ಗಿಡವೊಂದರಿಂದ ಬಂದದ್ದು ಎಂದಿಟ್ಟುಕೊಳ್ಳಿ. ಅದರಲ್ಲಿ ಸುಮಾರು 5 ಲಕ್ಷ ಕೋಟಿ ಕೋಟಿ ಪರಮಾಣುಗಳಿವೆ. ನೂರರಲ್ಲಿ ತೊಂಬತ್ತೊಂಬತ್ತು ಪಾಲು ಇಂಗಾಲ-12, ಮಿಕ್ಕ ಒಂದು ಪಾಲು ಇಂಗಾಲ-13. ಈ ಅಂಕಿಗಳು ಪರಮಾಣುವಿನ ತೂಕ ಹೇಳುತ್ತವೆ. ಹಳೆಯ ವಸ್ತುಗಳ ವಯಸ್ಸು ಹೇಳಲು ನಮಗೆ ಬೇಕಾದ ಇಂಗಾಲ-14 ಇರುವುದು ಲಕ್ಷ ಕೋಟಿಗೆ ಒಂದಕ್ಕಿಂತ ತುಸು ಹೆಚ್ಚು. ಒಟ್ಟು ಸುಮಾರು 6 ಕೋಟಿ. ಆರು ಕೋಟಿ ಎಂದರೆ ಕಡಿಮೆಯೇನಲ್ಲ ಅನ್ನಿಸುತ್ತದೆ. ಆದರೆ ಅವು ಅಲ್ಲಿವೆ ಎಂದು ಗೊತ್ತಾಗುವುದು ಹೇಗೆ? ಹಳೆಯ ದಾರಿ, ಅವು ಕ್ಷಯಿಸುವಾಗ ಹೊರಬೀಳುವ ಬೀಟಾ ಕಣವನ್ನು ಹಿಡಿಯುವುದು. ಇಂಗಾಲ-14ರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಹಿಡಿಯುವ ಕಾಲ, 5730 ವರ್ಷ. ಹಾಗಾಗಿ ಈ ಆರು ಕೋಟಿಯಲ್ಲಿ ದಿನಕ್ಕೆ ಕ್ಷಯಿಸುವುದು ಬರೀ 20. ನೂರಕ್ಕೆ ಒಂದರಷ್ಟು ನಿಖರವಾದ ಅಳತೆ ಬೇಕೆಂದರೆ 10,000 ಕಣಗಳನ್ನಾದರೂ ಎಣಿಸಬೇಕು. ಐನೂರು ದಿನ ಕಾಯಬೇಕು, ಹಿಡಿಯುವ ಉಪಕರಣ ಒಂದನ್ನೂ ತಪ್ಪಿಸಿಕೊಳ್ಳದೆ ಕೆಲಸ ಮಾಡಿದರೆ.

ಎಎಂಎಸ್ ಯಂತ್ರ ಅದೇ ಹತ್ತು ಸಾವಿರವನ್ನು ಒಂದೆರಡು ನಿಮಿಷದಲ್ಲಿ ಎಣಿಸಿ ಮುಗಿಸುತ್ತದೆ. ಎಎಂಎಸ್ ಎಂದರೆ ಆಕ್ಸಿಲರೇಟರ್ ಮಾಸ್ ಸ್ಪೆಕ್ಟ್ರೋಮೆಟ್ರಿ. ಹೆಸರು ಉದ್ದ, ಉಪಾಯ ಸರಳ. ಊರಲ್ಲಿ ಎಷ್ಟು ಜನ ಇದ್ದಾರೆಂದು ತಿಳಿಯಲು ಮರಣ ನೋಂದಣಿಯ ಪುಸ್ತಕ ಹಿಡಿದು ಕೂರುವುದು ಒಂದು ದಾರಿ. ಇಷ್ಟು ಜನ ಸತ್ತರು, ಆದ್ದರಿಂದ ಇಷ್ಟು ಜನ ಇದ್ದಿರಬೇಕು ಎಂದು ಲೆಕ್ಕ ಹಾಕಬಹುದು. ಮನೆಮನೆಗೆ ಹೋಗಿ ತಲೆ ಎಣಿಸುವುದು ಇನ್ನೊಂದು ದಾರಿ. ಎಎಂಎಸ್ ಮಾಡುವುದು ಇದನ್ನೇ. ಇಂಗಾಲ-14 ಅನ್ನು 1940ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಮಾರ್ಟಿನ್ ಕೇಮನ್ ಮತ್ತು ಸ್ಯಾಮ್ ರುಬೆನ್ ಕಂಡುಹಿಡಿದರು. ಜೀವಿ ಸತ್ತ ಮೇಲೆ ಹೊಸ ಇಂಗಾಲ-14 ಸೇರುವುದಿಲ್ಲ, ಇದ್ದದ್ದು ಕ್ಷಯಿಸುತ್ತ ಹೋಗುತ್ತದೆ, ಎಷ್ಟು ಉಳಿದಿದೆ ಎಂದು ನೋಡಿದರೆ ವಯಸ್ಸು ತಿಳಿಯುತ್ತದೆ. ಅದರಿಂದ ಕಾಲ ಅಳೆಯುವ ವಿಧಾನ ರೂಪಿಸಿದ ವಿಲ್ಲಾರ್ಡ್ ಲಿಬ್ಬಿ ಅವರಿಗೆ 1960ರ ರಸಾಯನಶಾಸ್ತ್ರದ ನೊಬೆಲ್ ಬಂತು. ಲಿಬ್ಬಿ ಓದಿದ್ದು ಮರಣದ ಪುಸ್ತಕವನ್ನು. ಅದಕ್ಕೆ ಗ್ರಾಂಗಟ್ಟಲೆ ಇಂಗಾಲ ಬೇಕು, ದಿನಗಟ್ಟಲೆ ತಾಳ್ಮೆ ಬೇಕು. ಒಂದು ಗ್ರಾಂ ತಾಜಾ ಇಂಗಾಲ ನಿಮಿಷಕ್ಕೆ 13-14 ಕ್ಷಯ ಕೊಡುತ್ತದೆ, ಆದ್ದರಿಂದ ಅವರ ಕೆಲಸ ನಡೆಯಿತು.

ಇನ್ನೂ ದೀರ್ಘಾಯುಷಿಗಳ ವಿಷಯಕ್ಕೆ ಬಂದರೆ ಆ ದಾರಿ ಪೂರ್ತಿ ಮುಚ್ಚಿಹೋಗುತ್ತದೆ. ಹಿಮನದಿಯೊಂದು ಕರಗಿ ಹಿಂದೆ ಸರಿಯುವಾಗ ಬಿಟ್ಟುಹೋದ ಬಂಡೆಯನ್ನು ತೆಗೆದುಕೊಳ್ಳಿ. ಆ ದಿನದಿಂದ ಅದರ ನೆತ್ತಿಯ ಮೇಲೆ ಕಾಸ್ಮಿಕ್ ಕಿರಣ ಬೀಳುತ್ತಲೇ ಇರುತ್ತದೆ. ಬಂಡೆಯ ಬೆಣಚುಕಲ್ಲಿನೊಳಗೆ ಆಮ್ಲಜನಕದ ಪರಮಾಣುಗಳು ಒಡೆದು ಬೆರಿಲಿಯಂ-10 ಹುಟ್ಟುತ್ತದೆ. ಸಮುದ್ರಮಟ್ಟದಲ್ಲಿ, ಧ್ರುವಗಳಿಗೆ ಹತ್ತಿರದ ಜಾಗದಲ್ಲಿ, ಒಂದು ಗ್ರಾಂ ಬೆಣಚಿನಲ್ಲಿ ವರ್ಷಕ್ಕೆ ನಾಲ್ಕು ಪರಮಾಣು. ಮತ್ತೊಮ್ಮೆ ಹೇಳುತ್ತೇನೆ: ಗ್ರಾಂಗೆ, ವರ್ಷಕ್ಕೆ, ನಾಲ್ಕು! ಹತ್ತು ಸಾವಿರ ವರ್ಷ ಬಿಸಿಲು ಕಂಡ ಬಂಡೆಯಿಂದ 20 ಗ್ರಾಂ ಬೆಣಚು ತೆಗೆದರೆ ಸುಮಾರು 8 ಲಕ್ಷ ಪರಮಾಣು ಸಿಗುತ್ತವೆ. ಬೆರಿಲಿಯಂ-10ರ ಅರ್ಧಾಯುಷ್ಯ 13 ಲಕ್ಷ 90 ಸಾವಿರ ವರ್ಷ. ಈ ಎಂಟು ಲಕ್ಷದಲ್ಲಿ ಒಂದು ಕ್ಷಯಿಸುವುದನ್ನು ನೋಡಲು ಸರಾಸರಿ ಎರಡೂವರೆ ವರ್ಷ ಕಾಯಬೇಕು. ಒಬ್ಬ ಸಂಶೋಧಕಿ ತನ್ನ ಪಿಎಚ್‌ಡಿಯ ಅವಧಿಯಲ್ಲಿ ಎರಡು ಕ್ಷಯ ಕಂಡರೆ ಅದೃಷ್ಟ. ಅದೇ ಮಾದರಿಯನ್ನು ಎಎಂಎಸ್‌ಗೆ ಕೊಟ್ಟರೆ ಒಂದೇ ದಿನದಲ್ಲಿ ನೂರಾರು ಪರಮಾಣುಗಳನ್ನು ಎಣಿಸಿ ಕೊಡುತ್ತದೆ.

ಹಾಗಿದ್ದರೆ ತಲೆ ಎಣಿಸುವುದನ್ನು ಮೊದಲೇ ಯಾಕೆ ಮಾಡಲಿಲ್ಲ? ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಇಪ್ಪತ್ತನೆಯ ಶತಮಾನದ ಆರಂಭದಿಂದಲೇ ಇದೆ. ಪರಮಾಣುವಿಗೆ ವಿದ್ಯುದಾವೇಶ ಕೊಡಿ, ಓಡಿಸಿ, ಅಯಸ್ಕಾಂತದ ನಡುವೆ ತಿರುವು ಹಾಕಿಸಿ. ಭಾರದ್ದು ದೊಡ್ಡ ತಿರುವು ತೆಗೆದುಕೊಳ್ಳುತ್ತದೆ, ಹಗುರದ್ದು ಚಿಕ್ಕದು. ಅಷ್ಟೇ ತತ್ವ.

ತೊಡಕು ಇರುವುದು ವೇಷಧಾರಿಗಳಲ್ಲಿ. ತೂಕ 14 ಇರುವುದು ಇಂಗಾಲ-14 ಒಂದೇ ಅಲ್ಲ. ಸಾರಜನಕವೂ 14, ಗಾಳಿಯಲ್ಲಿ ನೂರಕ್ಕೆ 78 ಪಾಲು ಅದೇ. ಎಷ್ಟೇ ನಿರ್ವಾತ ಮಾಡಿದರೂ ಕೊಳವೆಯ ಗೋಡೆಗೆ, ಮಾದರಿಯ ಮೈಗೆ ಅದು ಅಂಟಿಕೊಂಡೇ ಇರುತ್ತದೆ. ಎರಡರ ತೂಕದ ವ್ಯತ್ಯಾಸ 84 ಸಾವಿರದಲ್ಲಿ ಒಂದು ಭಾಗ. ಸಾಲದ್ದಕ್ಕೆ ಅಣುಗಳೂ ಇವೆ: ಇಂಗಾಲ-13ಕ್ಕೆ ಒಂದು ಜಲಜನಕ ಅಂಟಿದರೆ 14, ಇಂಗಾಲ-12ಕ್ಕೆ ಎರಡು ಅಂಟಿದರೆ 14. ಇವು ನಮ್ಮ ಅಸಲಿ ಪರಮಾಣುವಿಗಿಂತ ಕೋಟ್ಯಂತರ ಪಟ್ಟು ಹೆಚ್ಚು. ಸಾಧಾರಣ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ 14ರ ಜಾಗದಲ್ಲಿ ಕಾಣುವುದು ಈ ಗುಂಪೇ. ಅಸಲಿ ಅದರಡಿಯಲ್ಲಿ ಎಲ್ಲೋ ಹೂತುಹೋಗಿರುತ್ತದೆ.

ಸಾರಜನಕದ ವಿಷಯದಲ್ಲಿ ನನಗೆ ತಮಾಷೆಯಾಗಿ ಕಾಣುವ ಒಂದು ಸಂಗತಿ ಇದೆ. ಇಂಗಾಲ-14 ಹುಟ್ಟುವುದೇ ವಾಯುಮಂಡಲದ ಮೇಲ್ಪದರದಲ್ಲಿ ಸಾರಜನಕಕ್ಕೆ ನ್ಯೂಟ್ರಾನ್ ಬಡಿದು. ಕ್ಷಯಿಸಿದ ಮೇಲೆ ಆಗುವುದೂ ಸಾರಜನಕವೇ. ತಾಯಿಯೂ ಅದೇ, ಮಗುವೂ ಅದೇ, ಬದುಕಿರುವಷ್ಟು ದಿನ ಬೆನ್ನು ಬಿಡದ ಸೋಗುಗಾರನೂ ಅದೇ.

1977ರಲ್ಲಿ ಬಿಕ್ಕಟ್ಟು ಸಡಿಲವಾಯಿತು. ಆ ವರ್ಷ ಬರ್ಕ್ಲಿಯ ರಿಚರ್ಡ್ ಮುಲ್ಲರ್, ಕಣಗಳನ್ನು ಸುತ್ತು ಹಾಕಿಸಿ ವೇಗ ಹೆಚ್ಚಿಸುವ ಸೈಕ್ಲೋಟ್ರಾನ್ ಯಂತ್ರ ಬಳಸಿ ವಿಕಿರಣಶೀಲ ಪರಮಾಣುಗಳನ್ನು ನೇರವಾಗಿ ಎಣಿಸಬಹುದೆಂದು ಬರೆದರು. ಅದಕ್ಕೂ ಮೊದಲೇ, 1939ರಲ್ಲಿ, ಅದೇ ಊರಿನಲ್ಲಿ ಲೂಯಿ ಆಲ್ವರೆಝ್ ಮತ್ತು ರಾಬರ್ಟ್ ಕಾರ್ನಾಗ್ ಸೈಕ್ಲೋಟ್ರಾನನ್ನೇ ತಕ್ಕಡಿ ಮಾಡಿಕೊಂಡು ಪ್ರಕೃತಿಯಲ್ಲಿ ಹೀಲಿಯಂ-3 ಇದೆ ಎಂದು ತೋರಿಸಿದ್ದರು. ಆಮೇಲೆ ಸುಮಾರು ನಲವತ್ತು ವರ್ಷ ಆ ಉಪಾಯ ಮೂಲೆಯಲ್ಲಿ ಬಿದ್ದಿತ್ತು. 1977ರಲ್ಲೇ ಅಮೆರಿಕದ ರೋಚೆಸ್ಟರಿನಲ್ಲಿ ಹ್ಯಾರಿ ಗೋವ್, ಟೆಡ್ ಲಿದರ್‌ಲ್ಯಾಂಡ್, ಕೆನ್ ಪರ್ಸರ್ ಮತ್ತು ಸಂಗಡಿಗರು, ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಎರ್ಲ್ ನೆಲ್ಸನ್ ಅವರ ಗುಂಪು, ಬೇರೆಬೇರೆಯಾಗಿ ಒಂದೇ ಉತ್ತರಕ್ಕೆ ಬಂದರು. ಅವರು ಹಿಡಿದದ್ದು ಸೈಕ್ಲೋಟ್ರಾನನ್ನಲ್ಲ, ಟ್ಯಾಂಡೆಮ್ ಆಕ್ಸಿಲರೇಟರನ್ನು. ಆ ಯಂತ್ರಕ್ಕೆ ಒಳಗೆ ಬರುವ ಅಯಾನು ಋಣಾವೇಶದ್ದೇ ಆಗಿರಬೇಕು, ಅಂದರೆ ಪರಮಾಣು ಒಂದು ಎಲೆಕ್ಟ್ರಾನನ್ನು ಹೆಚ್ಚಿಗೆ ಹೊತ್ತಿರಬೇಕು. ಇಂಗಾಲ ಅದನ್ನು ಸಂತೋಷದಿಂದ ಹೊರುತ್ತದೆ. ಸಾರಜನಕ ಹೊರುವುದಿಲ್ಲ. ಅದರ ಹೊರಗಿನ ಉಪಕವಚ ಸರಿಯಾಗಿ ಅರ್ಧ ತುಂಬಿದೆ, ಅದಕ್ಕೆ ಇನ್ನೊಂದು ಎಲೆಕ್ಟ್ರಾನ್ ಬೇಡ. ಕೊಟ್ಟರೂ ನಿಲ್ಲುವುದಿಲ್ಲ, ಕ್ಷಣಮಾತ್ರದಲ್ಲಿ ಜಾರಿಹೋಗುತ್ತದೆ.

ಅಂದರೆ ಅತಿ ದೊಡ್ಡ ವೇಷಧಾರಿ ಬಾಗಿಲಲ್ಲೇ ಉದುರಿಹೋದ. 84 ಸಾವಿರದಲ್ಲಿ ಒಂದು ಭಾಗದ ವ್ಯತ್ಯಾಸವನ್ನು ಅಳೆಯುವ ಕಷ್ಟವೇ ಬೇಕಾಗಲಿಲ್ಲ. ಎಎಂಎಸ್ ಎಂದರೆ ದೈತ್ಯ ಯಂತ್ರದ ಬಲ ಎಂದುಕೊಂಡವರಿಗೆ ನಾನು ಮೊದಲು ಹೇಳುವುದು ಇದನ್ನೇ. ಅರ್ಧ ಕೆಲಸ ಮಾಡುವುದು ಸಾರಜನಕದ ಹಟ.

ಇನ್ನು ಆ ಅಲ್ಯೂಮಿನಿಯಂ ತುಂಡಿನ ಜೊತೆ ಯಂತ್ರದೊಳಗೆ ಹೋಗೋಣ. ಅಂಥ ಹತ್ತಾರು ತುಂಡುಗಳನ್ನು ಒಂದು ಚಕ್ರದ ಅಂಚಿಗೆ ಸಿಕ್ಕಿಸಿ ಅಯಾನು ಮೂಲದೊಳಗೆ ಇಡುತ್ತಾರೆ. ಕೆಲವು ಅಜ್ಞಾತ ಮಾದರಿಗಳು, ಕೆಲವು ಇಂಗಾಲ-14 ಎಷ್ಟಿದೆ ಎಂದು ಮೊದಲೇ ಗೊತ್ತಿರುವ ಪ್ರಮಾಣ ಮಾದರಿಗಳು, ಕೆಲವು ಇಂಗಾಲ-14 ಇರಲೇಬಾರದ ಖಾಲಿ ಮಾದರಿಗಳು. ಒಳಗೆ ಒಂದು ಪುಟ್ಟ ಒಲೆಯಲ್ಲಿ ಸೀಸಿಯಂ ಲೋಹ ಕಾದು ಆವಿಯಾಗುತ್ತಿರುತ್ತದೆ. ಆ ಆವಿ ಕೆಂಪಗೆ ಕಾದ ಲೋಹದ ಮೇಲ್ಮೈಗೆ ತಾಗಿದಾಗ ಧನಾವೇಶ ಪಡೆದು, ಗ್ರಾಫೈಟಿನ ಮೇಲೆ ಮಳೆಗರೆದಂತೆ ಬೀಳುತ್ತದೆ. ಮರಳು ಎರಚಿ ಕಬ್ಬಿಣದ ತುಕ್ಕು ತೆಗೆಯುತ್ತಾರಲ್ಲ, ಆ ಬಗೆಯ ಕೆಲಸ, ಪರಮಾಣುವಿನ ಅಳತೆಯಲ್ಲಿ. ಇಂಗಾಲ ಚಿಮ್ಮಿ ಏಳುತ್ತದೆ. ಗ್ರಾಫೈಟಿನ ಮೇಲೆ ಸೀಸಿಯಂನ ತೆಳುಪೊರೆ ಕೂತಿರುತ್ತದೆ. ಎಲೆಕ್ಟ್ರಾನ್ ದಾನ ಮಾಡುವುದರಲ್ಲಿ ಸೀಸಿಯಂ ಎತ್ತಿದ ಕೈ. ಹೊರಡುವ ಇಂಗಾಲದ ಕೈಗೆ ಒಂದೊಂದು ಕೊಟ್ಟು ಕಳಿಸುತ್ತದೆ. ಒಂದೆರಡು ತಾಸು ಕಳೆದು ಆ ತುಂಡನ್ನು ಹೊರತೆಗೆದು ಭೂತಗನ್ನಡಿಯಲ್ಲಿ ನೋಡಿದರೆ ಕಪ್ಪು ಪುಡಿಯ ನಡುವೆ ಬಟ್ಟಲಿನಂಥ ಒಂದು ಕುಳಿ ಕಾಣುತ್ತದೆ. ಕುಳಿ ನಟ್ಟನಡುವೆ ಇದ್ದರೆ ನಿಮ್ಮ ಕಿರಣದ ಜೋಡಣೆ ಸರಿ. ಪಕ್ಕಕ್ಕೆ ಸರಿದಿದ್ದರೆ ಅಲ್ಯೂಮಿನಿಯಂ ಗೋಡೆಯೂ ಕೆತ್ತಿಹೋಗಿದೆ, ಆ ದಿನದ ಅಂಕಿಗಳನ್ನು ಅನುಮಾನದಿಂದ ನೋಡಬೇಕು.

ಹೊರಟ ಋಣ ಅಯಾನುಗಳು ಮೊದಲ ಅಯಸ್ಕಾಂತ ದಾಟುತ್ತವೆ. ತೂಕ 14 ಇರುವುದಷ್ಟೇ ಮುಂದೆ ಹೋಗುತ್ತದೆ: ನಮ್ಮ ಇಂಗಾಲ-14, ಜೊತೆಗೆ ಆ ಜಲಜನಕ ಅಂಟಿದ ಅಣುಗಳು. ಎದುರಿಗೆ ಆಕ್ಸಿಲರೇಟರು, ಅದರ ನಡುವೆ ಲಕ್ಷಗಟ್ಟಲೆ ವೋಲ್ಟಿನ ಧನಾವೇಶದ ಟರ್ಮಿನಲ್. 30 ಲಕ್ಷ ವೋಲ್ಟ್ ಎಂದಿಟ್ಟುಕೊಳ್ಳಿ. ಋಣ ಅಯಾನು ಅದರ ಸೆಳೆತಕ್ಕೆ ಸಿಕ್ಕಿ ಓಡುತ್ತದೆ. ಟರ್ಮಿನಲ್ಲಿನೊಳಗೆ ಸಣ್ಣ ಕೊಳವೆಯಲ್ಲಿ ಒಂದಿಷ್ಟು ಆರ್ಗಾನ್ ಅಥವಾ ಹೀಲಿಯಂ ಅನಿಲ. ಅದರ ನಡುವೆ ನುಗ್ಗುವಾಗ ಅಯಾನಿನ ಮೈಮೇಲಿನ ಎಲೆಕ್ಟ್ರಾನುಗಳು ಕಿತ್ತುಹೋಗುತ್ತವೆ. ಹೆಚ್ಚಿಗೆ ಹೊತ್ತಿದ್ದ ಒಂದು ಹೋಗಿ, ಇನ್ನೂ ಮೂರು ಹೋಗಿ, ಆವೇಶ ಧನ ಮೂರಾಗುತ್ತದೆ. ಇಲ್ಲಿ ಅಣುಗಳ ಕಥೆ ಮುಗಿಯಿತು. ಬಂಧ ಹಿಡಿದಿಡಲು ಬೇಕಾದ ಎಲೆಕ್ಟ್ರಾನುಗಳೇ ಇಲ್ಲದ ಮೇಲೆ ಇಂಗಾಲ, ಜಲಜನಕ ಒಂದನ್ನೊಂದು ತಳ್ಳಿ ಸಿಡಿದುಹೋಗುತ್ತವೆ. ಇಷ್ಟು ಹೊತ್ತು ಎಳೆಯುತ್ತಿದ್ದ ಟರ್ಮಿನಲ್ ಈಗ ಧನಾವೇಶದ ಅಯಾನನ್ನು ಹೊರದೂಡುತ್ತದೆ. ಒಂದೇ ವೋಲ್ಟೇಜಿನಿಂದ ಎರಡು ಸಲ ಕೆಲಸ, ಟ್ಯಾಂಡೆಮ್ ಎಂಬ ಹೆಸರು ಅದಕ್ಕೇ. ಹೊರಬರುವಾಗ ವೇಗ ಸೆಕೆಂಡಿಗೆ ಸುಮಾರು 13 ಸಾವಿರ ಕಿಲೋಮೀಟರ್.

ಆಮೇಲೆ ಮತ್ತೊಂದು ಅಯಸ್ಕಾಂತ, ಒಂದು ವಿದ್ಯುತ್ ಕ್ಷೇತ್ರದ ತಿರುವು. ಒಡೆದ ಅಣುಗಳ ಚೂರುಗಳಿಗೆ ತೂಕವೂ ಬೇರೆ, ಶಕ್ತಿಯೂ ಬೇರೆ. ಅವು ಗೋಡೆಗೆ ಬಡಿದು ಅಲ್ಲೇ ನಿಲ್ಲುತ್ತವೆ. ಕೊನೆಗೆ ತೆಳ್ಳನೆಯ ಕಿಟಕಿಯ ಹಿಂದೆ ಅನಿಲ ತುಂಬಿದ ಡಿಟೆಕ್ಟರ್. ಇಂಗಾಲ-14 ಒಂದೊಂದಾಗಿ ಒಳಗೆ ಬಿದ್ದು, ದಾರಿಯುದ್ದಕ್ಕೂ ಅನಿಲವನ್ನು ಅಯಾನೀಕರಿಸುತ್ತ ನಿಧಾನಿಸಿ ನಿಲ್ಲುತ್ತದೆ. ಪರದೆಯ ಮೇಲೆ ಒಂದು ಚುಕ್ಕೆ. ತಾಜಾ ಮಾದರಿಯಾದರೆ ಸೆಕೆಂಡಿಗೆ ನೂರಕ್ಕೂ ಹೆಚ್ಚು ಚುಕ್ಕೆ ಬಿದ್ದು ನೋಡನೋಡುತ್ತ ಒಂದು ಮೋಡ ಕಟ್ಟುತ್ತದೆ. ಹಳೆಯದಾದರೆ ಒಂದು... ತಡೆದು ಇನ್ನೊಂದು. ರಾತ್ರಿ ಎರಡು ಗಂಟೆಗೆ ಪರದೆಯ ಮುಂದೆ ಕೂತು ಆ ಚುಕ್ಕೆಗಳನ್ನು ಕಾಯುವುದು ಬೇಸರದ ಕೆಲಸ ಎಂದು ಬಹಳ ಜನ ಹೇಳುತ್ತಾರೆ. ನನಗಂತೂ ಹಾಗನ್ನಿಸಿದ್ದಿಲ್ಲ.

ಎಣಿಸಿದ ಸಂಖ್ಯೆ ಒಂದೇ ಇದ್ದರೆ ಏನೂ ತಿಳಿಯುವುದಿಲ್ಲ, ದಾರಿಯಲ್ಲಿ ಎಷ್ಟೋ ಪಾಲು ಕಳೆದುಹೋಗಿರುತ್ತದೆ. ಆದ್ದರಿಂದ ಸೆಕೆಂಡಿಗೆ ಹಲವು ಬಾರಿ ದಾರಿ ಬದಲಿಸಿ ಇಂಗಾಲ-12, ಇಂಗಾಲ-13ಗಳನ್ನೂ ಅದೇ ಕೊಳವೆಯಲ್ಲಿ ಓಡಿಸಿ, ಅವುಗಳ ವಿದ್ಯುತ್ ಪ್ರವಾಹ ಅಳೆಯುತ್ತಾರೆ. ಬೇಕಾದದ್ದು ಅನುಪಾತ. ಆ ಅನುಪಾತವನ್ನು ಪ್ರಮಾಣ ಮಾದರಿಯ ಜೊತೆ ಹೋಲಿಸುತ್ತಾರೆ. ಜಗತ್ತಿನ ಇಂಗಾಲ-14 ಅಳತೆಗೆಲ್ಲ ಆಧಾರವಾಗಿರುವ ಆಕ್ಸಾಲಿಕ್ ಆಮ್ಲವನ್ನು ಮೊದಲು ತಯಾರಿಸಿದ್ದು 1955ರ ಸಕ್ಕರೆ ಬೀಟ್ ಬೆಳೆಯಿಂದ. ಅದು ಮುಗಿಯುತ್ತ ಬಂದಾಗ ಎರಡನೆಯದನ್ನು 1977ರ ಫ್ರಾನ್ಸಿನ ಬೀಟ್ ಕಾಕಂಬಿಯಿಂದ ಮಾಡಿದರು. ಕಾಲಮಾನದ ಅಳತೆಗೋಲು ಕಾಕಂಬಿಯಲ್ಲಿ ಅಡಗಿದೆ ಎಂದರೆ ಯಾರೂ ನಂಬುವುದಿಲ್ಲ, ನಿಜ ಅದೇ.

ಅಣುಗಳನ್ನು ಒಡೆಯಲು ಮೂರು ಎಲೆಕ್ಟ್ರಾನ್ ಕಿತ್ತೇ ತೀರಬೇಕು, ಅದಕ್ಕೆ ಹತ್ತಾರು ಲಕ್ಷ ವೋಲ್ಟ್ ಬೇಕೇ ಬೇಕು ಎಂದು ಇಪ್ಪತ್ತು ವರ್ಷ ಎಲ್ಲರೂ ನಂಬಿದ್ದರು. ಜ್ಯೂರಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ ಇಟಿಎಚ್‌ನಲ್ಲಿ ಹಾನ್ಸ್-ಆರ್ನೊ ಸಿನಾಲ್ ಮತ್ತು ಮಾರ್ಟಿನ್ ಸೂಟರ್ ಅವರ ಗುಂಪು ಆ ನಂಬಿಕೆಯನ್ನು ಕೆದಕಿತು. ಅನಿಲವನ್ನು ತುಸು ದಟ್ಟ ಮಾಡಿದರೆ, ಒಂದೇ ಧನಾವೇಶದಲ್ಲಿ ಬದುಕಿ ಉಳಿಯುವ ಅಣುಗಳೂ ಮತ್ತೆ ಮತ್ತೆ ಡಿಕ್ಕಿ ಹೊಡೆದು ಪುಡಿಯಾಗುತ್ತವೆ. ಹಾಗೆ ಹುಟ್ಟಿದ ಯಂತ್ರಕ್ಕೆ 2 ಲಕ್ಷ ವೋಲ್ಟ್ ಸಾಕು, ಒಂದು ಸಾಧಾರಣ ಕೋಣೆಯಲ್ಲಿ ಹಿಡಿಯುತ್ತದೆ. ಮೊದಲಿನ ಟ್ಯಾಂಡೆಮ್‌ಗಳಿಗೆ ಒಂದು ಕಟ್ಟಡವೇ ಬೇಕಿತ್ತು. ಹೆಸರಿನಲ್ಲಿರುವ ಆಕ್ಸಿಲರೇಟರ್ ಅನ್ನುವ ಪದ ಇಂಗಾಲದ ಮಟ್ಟಿಗೆ ವರ್ಷ ಕಳೆದಂತೆ ಸಣಕಲಾಗುತ್ತಿದೆ.

ಇಂಗಾಲದ ಮಟ್ಟಿಗೆ ಎಂದೆ. ಬೇರೆ ಧಾತುಗಳಿಗೆ ಪ್ರಕೃತಿ ಇಷ್ಟು ಉದಾರಿಯಲ್ಲ. ಪ್ರತಿಯೊಂದಕ್ಕೂ ಅದರದೇ ಸೋಗುಗಾರ, ಅದರದೇ ಉಪಾಯ. ಅಯೋಡಿನ್-129ರದ್ದು ಸುಲಭ, ಅದರ ಜೋಡಿ ಝೆನಾನ್-129 ಋಣ ಅಯಾನು ಆಗುವುದಿಲ್ಲ. ಅಲ್ಯೂಮಿನಿಯಂ-26ರ ಜೋಡಿ ಮೆಗ್ನೀಸಿಯಂ ಕೂಡ ಆಗುವುದಿಲ್ಲ, ಆದರೆ ಅಲ್ಯೂಮಿನಿಯಂ ತಾನೇ ಸೋಮಾರಿ, ಋಣ ಅಯಾನುಗಳ ಪ್ರವಾಹ ತೀರ ಕಡಿಮೆ. ಆಕ್ಸೈಡ್ ರೂಪದಲ್ಲಿ ಎಳೆದರೆ ಪ್ರವಾಹ ಹೆಚ್ಚುತ್ತದೆ, ಅದರ ಬೆನ್ನಿಗೇ ಮೆಗ್ನೀಸಿಯಂ ಆಕ್ಸೈಡೂ ಬರುತ್ತದೆ. ಬೆರಿಲಿಯಂ-10ಕ್ಕೆ ಬೋರಾನ್-10ರ ಕಾಟ. ಇಲ್ಲಿ ಬಾಗಿಲಲ್ಲಿ ತಡೆಯುವ ದಾರಿಯಿಲ್ಲ, ಕೊನೆಯವರೆಗೂ ಇಬ್ಬರೂ ಜೊತೆಯಾಗಿ ಬರುತ್ತಾರೆ. ಆದರೆ ಬೋರಾನಿನ ಕೇಂದ್ರದಲ್ಲಿ ಪ್ರೋಟಾನ್ ಐದು, ಬೆರಿಲಿಯಂಗೆ ನಾಲ್ಕು. ಅನಿಲದಲ್ಲಿ ಓಡುವಾಗ ಶಕ್ತಿ ಕಳೆದುಕೊಳ್ಳುವುದು ಹೆಚ್ಚುಕಡಿಮೆ ಈ ಸಂಖ್ಯೆಯ ವರ್ಗಕ್ಕೆ ತಕ್ಕಂತೆ: 25 ಮತ್ತು 16. ಸರಿಯಾದ ದಪ್ಪದ ಅನಿಲದ ತಡೆ ಒಡ್ಡಿದರೆ ಬೋರಾನ್ ಸುಸ್ತಾಗಿ ಅಲ್ಲೇ ನಿಲ್ಲುತ್ತದೆ, ಬೆರಿಲಿಯಂ ದಾಟಿ ಬರುತ್ತದೆ.

ಕ್ಲೋರಿನ್-36ರ ಉಪಾಯ ನನಗೆ ಎಲ್ಲಕ್ಕಿಂತ ಇಷ್ಟ. ಅರ್ಧಾಯುಷ್ಯ 3 ಲಕ್ಷ ವರ್ಷ, ತೀರ ಹಳೆಯ ಅಂತರ್ಜಲದ ವಯಸ್ಸು ಹೇಳಲು ಬೇಕಾಗುವುದು ಇದೇ. ಕಾಟ ಕೊಡುವುದು ಗಂಧಕ-36. ಗಂಧಕವೂ ಖುಷಿಯಿಂದ ಋಣ ಅಯಾನು ಆಗುತ್ತದೆ. ಹಳೆಯ ದಾರಿಯಲ್ಲಿ ಇದನ್ನು ಬೇರ್ಪಡಿಸಲು ದೊಡ್ಡ ಯಂತ್ರದ ವೇಗವೇ ಬೇಕಿತ್ತು. ವಿಯೆನ್ನಾದ ವೇರಾ ಪ್ರಯೋಗಾಲಯದವರು ಬೇರೆ ದಾರಿ ಹಿಡಿದರು. ಹೆಚ್ಚಿಗೆ ಹೊತ್ತ ಎಲೆಕ್ಟ್ರಾನನ್ನು ಗಂಧಕ ಹಿಡಿದಿರುವ ಬಿಗಿ 2.08 ಎಲೆಕ್ಟ್ರಾನ್ ವೋಲ್ಟ್, ಕ್ಲೋರಿನ್ ಹಿಡಿದಿರುವ ಬಿಗಿ 3.61. ಹಸಿರು ಲೇಸರಿನ ಒಂದು ಫೋಟಾನಿನ, ಅಂದರೆ ಬೆಳಕಿನ ಒಂದು ಕಣದ, ಶಕ್ತಿ 2.33. ನೋಡಿ, ಎಷ್ಟು ಸರಿಯಾಗಿ ನಡುವೆ ಕೂತಿದೆ! ಅಯಾನುಗಳನ್ನು ಹೀಲಿಯಂ ಅನಿಲದಲ್ಲಿ ತಡೆದು ನಿಧಾನ ಮಾಡಿ, ಮೇಲೆ ಹಸಿರು ಬೆಳಕು ಹಾಯಿಸಿದರೆ ಗಂಧಕದ ಕೈಯಿಂದ ಎಲೆಕ್ಟ್ರಾನ್ ಉದುರುತ್ತದೆ, ಕ್ಲೋರಿನಿನ ಕೈಯಿಂದ ಉದುರುವುದಿಲ್ಲ. ಆವೇಶ ಕಳೆದುಕೊಂಡ ಗಂಧಕ ಯಂತ್ರಕ್ಕೆ ಲೆಕ್ಕಕ್ಕಿಲ್ಲ. ಓಡಿಸುವ ಮುಂಚೆಯೇ, ಬರೀ ಬೆಳಕಿನಿಂದ, ಕೆಲಸ ಮುಗಿಯಿತು. ಸಾರಜನಕ ತಾನಾಗಿ ಕೊಟ್ಟ ವರವನ್ನು ಇಲ್ಲಿ ಮನುಷ್ಯರು ಲೇಸರಿನಿಂದ ಗಿಟ್ಟಿಸಿಕೊಂಡರು.

ಯಂತ್ರದ ಮಾತು ಸಾಕು. ಎಎಂಎಸ್‌ನಲ್ಲಿ ನಿಜವಾಗಿ ನಿದ್ದೆಗೆಡಿಸುವುದು ಯಂತ್ರವಲ್ಲ, ಅದಕ್ಕೂ ಮುಂಚಿನ ರಸಾಯನಶಾಲೆ. ಮೂಳೆಯಿಂದ ಕೊಲಾಜೆನ್ ಎಂಬ ಪ್ರೋಟೀನ್ ತೆಗೆಯಬೇಕು, ಇದ್ದಿಲನ್ನು ಆಮ್ಲದಲ್ಲಿ, ಕ್ಷಾರದಲ್ಲಿ, ಮತ್ತೆ ಆಮ್ಲದಲ್ಲಿ ತೊಳೆಯಬೇಕು. ಆಮೇಲೆ ತಾಮ್ರದ ಆಕ್ಸೈಡಿನ ಜೊತೆ ಗಾಜಿನ ಕೊಳವೆಯಲ್ಲಿ ಮುಚ್ಚಿ 900 ಡಿಗ್ರಿಯಲ್ಲಿ ಸುಟ್ಟು ಕಾರ್ಬನ್ ಡೈಆಕ್ಸೈಡ್ ಮಾಡಬೇಕು. ಅದನ್ನು ಕಬ್ಬಿಣದ ಪುಡಿಯ ಮೇಲೆ ಜಲಜನಕದೊಂದಿಗೆ ಬಿಸಿ ಮಾಡಿ ಗ್ರಾಫೈಟಿಗೆ ಇಳಿಸಬೇಕು. ಪ್ರತಿ ಹೆಜ್ಜೆಯಲ್ಲೂ ಇವತ್ತಿನ ಇಂಗಾಲ ಒಳಗೆ ನುಸುಳಲು ಕಾದಿರುತ್ತದೆ. 50 ಸಾವಿರ ವರ್ಷದ ಮಾದರಿಯಲ್ಲಿ ಉಳಿದಿರುವ ಇಂಗಾಲ-14, ಹೊಸದರಲ್ಲಿರುವುದರ ಶೇಕಡಾ 0.2ರಷ್ಟು. ಅಂದರೆ ಒಂದು ಮಿಲಿಗ್ರಾಂ ಕಲ್ಲಿದ್ದಲಿಗೆ, ಅದರಲ್ಲಿ ಇಂಗಾಲ-14 ಸೊನ್ನೆ ಇರಬೇಕು, ಇವತ್ತಿನ ಇಂಗಾಲ ಎರಡು ಮೈಕ್ರೋಗ್ರಾಂ ಬೆರೆತರೆ ಯಂತ್ರ ಅದನ್ನು 50 ಸಾವಿರ ವರ್ಷ ಹಳೆಯದು ಎಂದೇ ಹೇಳುತ್ತದೆ. ಯಂತ್ರ ಸುಳ್ಳು ಹೇಳಿದ್ದಲ್ಲ, ಕೊಟ್ಟದ್ದನ್ನು ಎಣಿಸಿದೆ. ಇಂಗಾಲ-14ರ ಕಾಲಗಣನೆ ಸುಮಾರು 50 ಸಾವಿರ ವರ್ಷಕ್ಕೇ ನಿಲ್ಲುವುದು ಯಂತ್ರದ ಮಿತಿಯಿಂದಲ್ಲ, ಈ ಧೂಳಿನಿಂದ.

ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ವಾರ ಪೂರ್ತಿ ನನ್ನ ಖಾಲಿ ಮಾದರಿಗಳೆಲ್ಲ ಯೌವನ ಮರಳಿ ಬಂದಂತೆ ಅಂಕಿ ತೋರಿಸಿದವು. ಅಯಾನು ಮೂಲ ಬಿಚ್ಚಿ ತೊಳೆದೆವು. ಪಂಪ್ ನೋಡಿದೆವು. ಡಿಟೆಕ್ಟರಿನ ಮೇಲೆ ಗೂಬೆ ಕೂರಿಸಿದೆವು. ಕೊನೆಗೆ ಸಿಕ್ಕಿದ್ದು ತಾಮ್ರದ ಆಕ್ಸೈಡಿನ ಹೊಸ ಡಬ್ಬಿ. ಬಳಸುವ ಮುಂಚೆ ಅದನ್ನು ಕುಲುಮೆಯಲ್ಲಿ ಸುಟ್ಟು ಅಂಟಿದ ಇಂಗಾಲ ತೆಗೆಯಬೇಕು. ಸುಡಬೇಕಾದವನು ನಾನೇ, ಮರೆತಿದ್ದೆ.

ಬೆರಿಲಿಯಂ ಮಾಡುವವರ ಪಾಡು ಇನ್ನೊಂದು ಬಗೆಯದು. ಎಂಟು ಲಕ್ಷ ಪರಮಾಣುಗಳನ್ನು ಕೈಯಲ್ಲಿ ಹಿಡಿಯಲು ಆಗುತ್ತದೆಯೇ? ಆದ್ದರಿಂದ ಕಾಲು ಮಿಲಿಗ್ರಾಂ ಸಾಧಾರಣ ಬೆರಿಲಿಯಂ-9 ಸೇರಿಸಿ, ಅದರ ಹೆಗಲ ಮೇಲೆ ಕೂರಿಸಿ ರಸಾಯನಶಾಲೆ ದಾಟಿಸುತ್ತಾರೆ. ಆದರೆ ಪೇಟೆಯಲ್ಲಿ ಸಿಗುವ ಬೆರಿಲಿಯಂನಲ್ಲೂ ಒಂದಿಷ್ಟು ಬೆರಿಲಿಯಂ-10 ಇದ್ದೇ ಇರುತ್ತದೆ, ಕೆಲವೊಮ್ಮೆ ಬಂಡೆಯಲ್ಲಿ ಇರುವುದಕ್ಕಿಂತ ಹೆಚ್ಚು. ಅದಕ್ಕೇ ಹಲವು ಪ್ರಯೋಗಾಲಯಗಳು ಕಾಸ್ಮಿಕ್ ಕಿರಣ ತಲುಪದಷ್ಟು ಆಳದ ಗಣಿಯಿಂದ ಖನಿಜ ತರಿಸಿ, ಸ್ವಂತ ಬೆರಿಲಿಯಂ ತಯಾರಿಸಿ, ಚಿನ್ನದಂತೆ ಕಾಪಾಡಿಕೊಳ್ಳುತ್ತವೆ. ಬೆಣಚಿನ ಹರಳುಗಳಿಗೆ ಮಳೆಯ ಮೂಲಕ ಬಂದು ಅಂಟಿದ ಬೆರಿಲಿಯಂ-10 ಬೇರೆ ಇರುತ್ತದೆ. ಅದನ್ನು ಕಳೆಯಲು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಹರಳಿನ ಮೈಯನ್ನು ಪದರ ಪದರವಾಗಿ ಕರಗಿಸುತ್ತಾರೆ.

ಇಷ್ಟೆಲ್ಲ ಪಾಡು ಯಾಕೆ? ಮೊದಲ ಕಾರಣ, ಮಿಲಿಗ್ರಾಂ ಸಾಕು ಅಂದಾಗ ಬೀಗ ತೆರೆಯುತ್ತದೆ. ಯೇಸುವಿನ ದೇಹಕ್ಕೆ ಸುತ್ತಿದ್ದೆಂದು ಹಲವರು ನಂಬುವ ಟ್ಯೂರಿನ್‌ನ ಶವವಸ್ತ್ರವನ್ನು ಹಳೆಯ ವಿಧಾನಕ್ಕೆ ಬೇಕಾದಷ್ಟು ಕತ್ತರಿಸಿ ಕೊಡಲು ಯಾರೂ ಒಪ್ಪುವಂತಿರಲಿಲ್ಲ. 1988ರಲ್ಲಿ ಅರಿಝೋನಾ, ಆಕ್ಸ್‌ಫರ್ಡ್, ಜ್ಯೂರಿಕ್‌ನ ಮೂರು ಎಎಂಎಸ್ ಪ್ರಯೋಗಾಲಯಗಳಿಗೆ ಅಂಚೆಚೀಟಿಯಷ್ಟು ಬಟ್ಟೆ ಸಿಕ್ಕಿತು. ಮೂರೂ ಒಂದೇ ಉತ್ತರ ಕೊಟ್ಟವು: ಅಗಸೆನಾರು ಬೆಳೆದದ್ದು ಕ್ರಿ.ಶ. 1260ರಿಂದ 1390ರ ನಡುವೆ. ಅಲ್ಲಿಂದ ಶುರುವಾದ ಜಗಳ ಇನ್ನೂ ಮುಗಿದಿಲ್ಲ, ಅದಕ್ಕೆ ನಾನು ಕೈಹಾಕುವುದಿಲ್ಲ. 2016ರಲ್ಲಿ ಗ್ರೀನ್‌ಲ್ಯಾಂಡ್ ಶಾರ್ಕುಗಳ ಕಣ್ಣಿನ ಮಸೂರದ ನಟ್ಟನಡುವಿನ ಚೂರನ್ನು ಅಳೆದರು. ಮಸೂರದ ಆ ಭಾಗ ಹುಟ್ಟುವ ಮುಂಚೆ ರೂಪುಗೊಂಡದ್ದು, ಆಮೇಲೆ ಬದಲಾಗುವುದಿಲ್ಲ. ಐದು ಮೀಟರ್ ಉದ್ದದ ಒಂದು ಹೆಣ್ಣು ಶಾರ್ಕಿನ ವಯಸ್ಸು 392 ವರ್ಷ, ಹೆಚ್ಚುಕಡಿಮೆ 120 ಎಂದು ಬಂತು. ಹೆಚ್ಚುಕಡಿಮೆ ಅನ್ನುವುದು ದೊಡ್ಡದೇ. ಕಡಿಮೆಯ ಕಡೆ ಹಿಡಿದರೂ 272.

ಇನ್ನೊಂದು ಉದಾಹರಣೆ ಕಬ್ಬಿಣ-60ರದ್ದು. ಅರ್ಧಾಯುಷ್ಯ ಸುಮಾರು 26 ಲಕ್ಷ ವರ್ಷ. ಭೂಮಿ ಹುಟ್ಟಿ 450 ಕೋಟಿ ವರ್ಷ ದಾಟಿದೆ, ಆಗ ಇದ್ದದ್ದರಲ್ಲಿ ಒಂದು ಪರಮಾಣುವೂ ಉಳಿದಿರಲು ಸಾಧ್ಯವಿಲ್ಲ. ಭೂಮಿಯ ಮೇಲೆ ಅದನ್ನು ಗಣನೀಯವಾಗಿ ಹುಟ್ಟಿಸುವ ದಾರಿಯೂ ಇಲ್ಲ. ಭಾರಿ ನಕ್ಷತ್ರಗಳೊಳಗೆ ಹುಟ್ಟಿ, ಅವು ಸಿಡಿದಾಗ ಹೊರಬೀಳುತ್ತದೆ. ಪೆಸಿಫಿಕ್ ಸಾಗರದ ತಳದಲ್ಲಿ ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಕಬ್ಬಿಣ-ಮ್ಯಾಂಗನೀಸಿನ ಪೊರೆಗಳಿವೆ. ಮ್ಯೂನಿಕ್ ಬಳಿಯ ಗಾರ್ಕಿಂಗ್‌ನ ಗುಂಪು 1999ರಲ್ಲಿ, ಮತ್ತೆ 2004ರಲ್ಲಿ, ಅಂಥ ಪೊರೆಯಲ್ಲಿ ಕಬ್ಬಿಣ-60 ಇದೆ ಎಂದು ತೋರಿಸಿತು. 2016ರಲ್ಲಿ ಕ್ಯಾನ್‌ಬೆರಾದ ಯಂತ್ರದಲ್ಲಿ ಬೇರೆಬೇರೆ ಸಾಗರಗಳ ಮಾದರಿ ಅಳೆದಾಗ ಅದು 17ರಿಂದ 32 ಲಕ್ಷ ವರ್ಷದ ಹಿಂದೆ ಒಮ್ಮೆ, 65ರಿಂದ 87 ಲಕ್ಷ ವರ್ಷದ ಹಿಂದೆ ಇನ್ನೊಮ್ಮೆ ಬಂದದ್ದು ಕಂಡಿತು. ನಕ್ಷತ್ರ ಸಿಡಿದ ಬೂದಿ ನಮ್ಮ ಕಡಲಿನ ತಳದಲ್ಲಿ ಕೂತಿತ್ತು. ಇಲ್ಲಿ ವೇಷಧಾರಿ ನಿಕಲ್-60. ಅದನ್ನು ತಳ್ಳಲು ಅನಿಲ ತುಂಬಿದ ಅಯಸ್ಕಾಂತ ಬೇಕು, 1 ಕೋಟಿ 40 ಲಕ್ಷ ವೋಲ್ಟಿನ ಅಂದಾಜಿನ ಟ್ಯಾಂಡೆಮ್ ಬೇಕು. ಸಣ್ಣ ಯಂತ್ರಗಳ ಆಟ ಇಲ್ಲಿ ನಡೆಯುವುದಿಲ್ಲ.

2019ರಲ್ಲಿ ಅದೇ ಮ್ಯೂನಿಕ್‌ನವರು ಅಂಟಾರ್ಕ್ಟಿಕಾದಿಂದ 500 ಕಿಲೋ ಹಿಮವನ್ನು ಹೆಪ್ಪುಗಟ್ಟಿದಂತೆಯೇ ತರಿಸಿ, ಕರಗಿಸಿ, ಸೋಸಿ, ಉಳಿದದ್ದನ್ನು ಸುಟ್ಟು ಅಳೆದರು. ಇಪ್ಪತ್ತು ವರ್ಷದೊಳಗೆ ಬಿದ್ದ ಹಿಮ. ಅರ್ಧ ಟನ್ನಿಗೆ ಸಿಕ್ಕ ಕಬ್ಬಿಣ-60 ಬೆರಳೆಣಿಕೆಯಷ್ಟು ಪರಮಾಣು. ಸಾಕಾಯಿತು. ಸಾಧಾರಣ ಬಾಹ್ಯಾಕಾಶ ಧೂಳಿನಲ್ಲಿ ಇರುವ ಮ್ಯಾಂಗನೀಸ್-53ರ ಜೊತೆ ಹೋಲಿಸಿ, ಇದು ಅದರಿಂದ ಬಂದದ್ದಲ್ಲ, ಸೌರಮಂಡಲದ ಆಚೆಯದು ಎಂದು ತೀರ್ಮಾನಿಸಿದರು. ಆ ಧೂಳು ಇವತ್ತೂ ಬೀಳುತ್ತಿದೆ.

ಈ ಕಬ್ಬಿಣದ ಅರ್ಧಾಯುಷ್ಯವನ್ನೇ 1984ರಿಂದ 2009ರವರೆಗೆ ಸುಮಾರು 15 ಲಕ್ಷ ವರ್ಷ ಎಂದು ಎಲ್ಲರೂ ಬಳಸುತ್ತಿದ್ದರು. 2009ರ ಹೊಸ ಅಳತೆ 26 ಲಕ್ಷ ಅಂದಿತು, ಮುಂದಿನ ಅಳತೆಗಳೂ ಅದನ್ನೇ ಎತ್ತಿಹಿಡಿದವು. ಪರಮಾಣು ಎಣಿಸುವುದು ಬಲ್ಲೆವು ಎಂದು ಬೀಗುವಾಗ ಇದನ್ನು ನೆನಪಿಸಿಕೊಳ್ಳುತ್ತೇನೆ. ವಯಸ್ಸು ಹೇಳುವ ಎಷ್ಟೋ ಲೆಕ್ಕದಲ್ಲಿ ಎಣಿಕೆಯ ಜೊತೆಗೆ ಅರ್ಧಾಯುಷ್ಯವೂ ಕೂತಿರುತ್ತದೆ. ಅದನ್ನು ಅಳೆಯಲು ಮತ್ತೆ ಮರಣದ ಪುಸ್ತಕದ ಬಾಗಿಲಿಗೇ ಹೋಗಬೇಕು.

ಪ್ರಶ್ನೆಗಳ ಹೊತ್ತಿನಲ್ಲಿ ಹಿರಿಯರೊಬ್ಬರು ಎದ್ದು, ಇಷ್ಟು ಕೆದಕಿದ ಮೇಲೆ ಮಾದರಿ ವಾಪಸ್ ಸಿಗುತ್ತದೆಯೇ ಎಂದು ಕೇಳಿದರು. ಇಲ್ಲ, ಸುಟ್ಟಾಯಿತು. ಅದಕ್ಕೇ ಆದಷ್ಟು ಚಿಕ್ಕ ಚೂರು ಕೇಳುತ್ತೇವೆ ಎಂದೆ. ಹಿಂದಿನ ಸಾಲಿನಿಂದ ಶಾಲಾ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಗೆ ಮಾತ್ರ ನಾನು ಸ್ವಲ್ಪ ಹೊತ್ತು ಯೋಚಿಸಬೇಕಾಯಿತು. "ಸರ್, ಎಣಿಸಿದ ಮೇಲೆ ಆ ಪರಮಾಣು ಏನಾಗುತ್ತದೆ?"

ಏನೂ ಆಗುವುದಿಲ್ಲಮ್ಮ. ಡಿಟೆಕ್ಟರಿನ ಅನಿಲದಲ್ಲಿ ಓಟ ಮುಗಿಸಿ ನಿಂತಾಗ, ಕಳೆದುಕೊಂಡ ಎಲೆಕ್ಟ್ರಾನುಗಳನ್ನು ಅಕ್ಕಪಕ್ಕದಿಂದ ಎತ್ತಿಕೊಂಡು ಮತ್ತೆ ಮಾಮೂಲಿ ಇಂಗಾಲವಾಗುತ್ತದೆ. ಹಿಂದಿನ ಗೋಡೆಯ ಲೋಹದಲ್ಲಿ ಹೂತು ಕೂರಬಹುದು, ಇಲ್ಲವೇ ಅನಿಲದ ಜೊತೆ ಪಂಪ್ ಮೂಲಕ ಹೊರಕ್ಕೆ ಹೋಗಬಹುದು. ನಾವು ಅದನ್ನು ಎಣಿಸಿದ್ದು ಅದಕ್ಕೆ ಗೊತ್ತಿಲ್ಲ. ಅದು ಕ್ಷಯಿಸುವುದು ಇನ್ನೂ ಬಾಕಿ ಇದೆ, ನಾಳೆಯೂ ಆಗಬಹುದು, ಹತ್ತು ಸಾವಿರ ವರ್ಷ ಕಳೆದೂ ಆಗಬಹುದು.